ನೆಗೆಟಿವ್ ಬಿಟ್ಟು ಬಂದವರಿಗೆ ಒಂದು ಬಹಿರಂಗ ಪತ್ರ

ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಹಂಪಿಯ ಹೇಮಕೂಟದ ಮೇಲೆ ಹಳೇ ಫಿಲ್ಮ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗುವ ಹೊಸ ಕಾಲದ ಗೆಳೆಯ ಗೆಳತಿಯರಿಗೆ,



ಅಟ್ಟದಿಂದ ಇಳಿಸಿದ ಅಪ್ಪನ ಯಾಶಿಕಾ ಇರಬಹುದು, ಆನ್‌ಲೈನಿನಲ್ಲಿ ಚೌಕಾಸಿ ಮಾಡಿ ಕೊಂಡ ಪೆಂಟ್ಯಾಕ್ಸ್ ಕೆ1000 ಇರಬಹುದು, ನಿಮ್ಮ ಕೈಗೆ ಫಿಲ್ಮ್ ಕ್ಯಾಮೆರಾ ಬಂದದ್ದು ಸಂತೋಷದ ಸಂಗತಿ. ಎಲ್ಲರೂ ಎಳ್ಳುನೀರು ಬಿಟ್ಟಿದ್ದ ವಸ್ತು ಇದು. ಇಲ್ಫರ್ಡ್ ಫಿಲ್ಮ್ ತಯಾರಿಸುವ ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಕೊನೆಯಲ್ಲಿ ಫೀನಿಕ್ಸ್ ಎಂಬ ಹೊಸ ಕಲರ್ ಫಿಲ್ಮನ್ನೇ ಮಾರುಕಟ್ಟೆಗೆ ಬಿಟ್ಟಿತು. 2024ರಲ್ಲಿ ಪೆಂಟ್ಯಾಕ್ಸ್ 17 ಎಂಬ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾ ಬಂತು. 36ರ ರೀಲಿನಲ್ಲಿ 72 ಅರ್ಧ ಫ್ರೇಮು ತೆಗೆಯುವಂಥದ್ದು. ಇದಕ್ಕೆಲ್ಲ ನಿಮ್ಮಂಥವರೇ ಕಾರಣ. ನಿಮ್ಮ ಅಪ್ಪಂದಿರ ಪೀಳಿಗೆ ಡಿಜಿಟಲ್ ಕೊಂಡು ಎಂದೋ ಕೈತೊಳೆದುಕೊಂಡಿತ್ತು.

ಒಂದೇ ಪ್ರಶ್ನೆ. ನೀವು ಕಳೆದ ಸಲ ತೊಳೆಸಿದ ರೀಲಿನ ನೆಗೆಟಿವ್ ಈಗ ಎಲ್ಲಿದೆ?

‘ಲ್ಯಾಬಿನಲ್ಲೇ ಇರಬೇಕು’ ಎಂಬ ಉತ್ತರವೇ ಹೆಚ್ಚು. ಸ್ಕ್ಯಾನ್ ಮಾಡಿದ ಫೈಲುಗಳು ಲಿಂಕ್ ಆಗಿ ಫೋನಿಗೆ ಬಂದವು, ಅಲ್ಲಿಂದ ಇನ್‌ಸ್ಟಾಗ್ರಾಮಿಗೆ ಹೋದವು, ಲೈಕುಗಳೂ ಬಿದ್ದವು. ಇನ್ನು ಆ ಕಂದುಬಣ್ಣದ ಪಟ್ಟಿ ತರಲು ಮತ್ತೊಮ್ಮೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಯಾರು ಹೋಗುತ್ತಾರೆ? ಲ್ಯಾಬಿನವರು ಕೆಲವು ತಿಂಗಳು ಕವರಿನಲ್ಲಿಟ್ಟು ಕಾಯುತ್ತಾರೆ, ಜಾಗ ಸಾಲದಾದಾಗ ಎಸೆಯುತ್ತಾರೆ. ಇದು ನಮ್ಮ ಊರಿನ ಸೋಮಾರಿತನ ಮಾತ್ರವಲ್ಲ, ಅಮೆರಿಕ, ಇಂಗ್ಲೆಂಡಿನ ಲ್ಯಾಬುಗಳದೂ ಇದೇ ದೂರು. ಫಿಲ್ಮ್ ಮೇಲೋ ಡಿಜಿಟಲ್ ಮೇಲೋ ಎಂದು ನೀವು ಕಾಫಿ ಕುಡಿಯುತ್ತ ಗಂಟೆಗಟ್ಟಲೆ ವಾದಿಸುತ್ತೀರಿ. ಆ ವಾದದಲ್ಲಿ ಫಿಲ್ಮಿಗೆ ಸಲ್ಲುವ ಹೊಗಳಿಕೆ ಬಹುಮಟ್ಟಿಗೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಹೊಗಳಬೇಕಾದ್ದು ಲ್ಯಾಬಿನ ಕಸದ ಬುಟ್ಟಿಯಲ್ಲಿದೆ. ಈ ಪತ್ರಕ್ಕೆ ಅಷ್ಟೇ ಕಾರಣ.

ಬಣ್ಣದ ವಿಷಯವನ್ನೇ ಮೊದಲು ನೋಡಿ. ‘ಫಿಲ್ಮಿನ ಆ ಬಣ್ಣ ಡಿಜಿಟಲ್ಲಿಗೆ ಬರುವುದಿಲ್ಲ’ ಎನ್ನುತ್ತೀರಿ. ಆದರೆ ಕಲರ್ ನೆಗೆಟಿವಿನಲ್ಲಿ ಕಣ್ಣಿಗೆ ಕಾಣುವ ಬಣ್ಣ ಯಾವುದು? ಕಿತ್ತಳೆ ಪೊರೆಯ ಹಿಂದೆ ತಿರುವುಮುರುವಾದ ಬಣ್ಣಗಳು. ಹಸಿರು ಮರ ಕೆನ್ನೇರಳೆ, ನೀಲಿ ಆಕಾಶ ಹಳದಿ. ಅದನ್ನು ಸರಿಯಾದ ಚಿತ್ರವಾಗಿ ತಿರುಗಿಸುವುದು ಲ್ಯಾಬಿನ ಸ್ಕ್ಯಾನರ್, ಸಾಮಾನ್ಯವಾಗಿ ಫುಜಿ ಫ್ರಾಂಟಿಯರ್ ಅಥವಾ ನೊರಿತ್ಸು. ಅದರ ಮುಂದೆ ಕೂತ ಹುಡುಗ ಒಂದು ಗುಂಡಿ ಒತ್ತಿ ಹಳದಿ ಹೆಚ್ಚಿಸಿದರೆ ನಿಮ್ಮ ಚಿತ್ರ ಬೆಚ್ಚಗಾಗುತ್ತದೆ, ಇನ್ನೊಂದು ಒತ್ತಿದರೆ ತಣ್ಣಗಾಗುತ್ತದೆ. ಒಂದೇ ನೆಗೆಟಿವನ್ನು ಎರಡು ಲ್ಯಾಬಿಗೆ ಕೊಟ್ಟು ನೋಡಿ, ಎರಡು ಊರಿನ ಸಂಜೆ ಸಿಗುತ್ತದೆ. ಫೋನಿನಲ್ಲಿ ನೀವು ನೋಡಿ ಮರುಳಾಗುವ ‘ಫಿಲ್ಮ್ ಲುಕ್’ ಅರ್ಧ ಕೊಡಾಕಿನದು, ಇನ್ನರ್ಧ ಆ ಹುಡುಗನದು. ಫೋನಿಗೆ ಬಂದ ಚಿತ್ರವಂತೂ ನೂರಕ್ಕೆ ನೂರು ಡಿಜಿಟಲ್.

ಇದು ಹೊಸ ಸಂಗತಿಯೂ ಅಲ್ಲ. 90ರ ದಶಕದ ಕೊನೆಯ ಹೊತ್ತಿಗೆ ಬಂದ ಡಿಜಿಟಲ್ ಮಿನಿಲ್ಯಾಬುಗಳು ಮಾಡುತ್ತಿದ್ದುದೂ ಇದೇ. ನೆಗೆಟಿವನ್ನು ಸ್ಕ್ಯಾನ್ ಮಾಡಿ, ಲೇಸರ್ ಬೆಳಕಿನಿಂದ ಫೋಟೊ ಕಾಗದದ ಮೇಲೆ ಮೂಡಿಸುವುದು. ಮನೆಯ ಆಲ್ಬಮಿನಲ್ಲಿರುವ, 2003ರಲ್ಲೋ 2004ರಲ್ಲೋ ಅಕ್ಕನ ಮದುವೆಯಲ್ಲಿ ತೆಗೆದ ‘ಅಪ್ಪಟ ಫಿಲ್ಮ್’ ಪ್ರಿಂಟುಗಳಲ್ಲಿ ಎಷ್ಟೋ ಹೀಗೆ ಕಂಪ್ಯೂಟರಿನ ಹೊಟ್ಟೆಯೊಳಗೆ ಹಾದು ಬಂದವೇ. ಆಗ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಮೆಗಾಪಿಕ್ಸೆಲ್ ಲೆಕ್ಕ ಬೇಡವೇ ಬೇಡ. ಲ್ಯಾಬಿನವರು ಸಾಮಾನ್ಯ ದರಕ್ಕೆ ಕೊಡುವ ಸ್ಕ್ಯಾನ್ ಸುಮಾರು ಆರು ಮೆಗಾಪಿಕ್ಸೆಲ್. ಇವತ್ತಿನ ಸಾಧಾರಣ ಡಿಜಿಟಲ್ ಕ್ಯಾಮೆರಾ 24 ಕೊಡುತ್ತದೆ. ಆ ಪಂದ್ಯ ಯಾವತ್ತೋ ಮುಗಿದಿದೆ.

ಎರಡನೆಯ ಹೊಗಳಿಕೆ ಇನ್ನೂ ಜನಪ್ರಿಯ: ‘ರೀಲಿನಲ್ಲಿ 36 ಮಾತ್ರ ಇರುವುದರಿಂದ ಯೋಚಿಸಿ ಕ್ಲಿಕ್ ಮಾಡುತ್ತೇವೆ, ಡಿಜಿಟಲ್ಲಿನವರು ಮಷಿನ್ ಗನ್ ಹಿಡಿದಂತೆ ಹೊಡೆಯುತ್ತಾರೆ.’ ಕೇಳಲು ಚೆನ್ನಾಗಿದೆ. ಆದರೆ ನ್ಯೂಯಾರ್ಕಿನ ಬೀದಿಗಳನ್ನು ಸೆರೆಹಿಡಿದ ಗ್ಯಾರಿ ವಿನೊಗ್ರಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಸದೆಯೇ ಬಿಟ್ಟುಹೋದ ರೀಲುಗಳು ಸುಮಾರು 2,500. ತೆಗೆದದ್ದನ್ನು ನೋಡುವ ವ್ಯವಧಾನವೂ ಅವರಿಗಿರಲಿಲ್ಲ! ಮಿತವ್ಯಯ ಇದ್ದದ್ದು ಫಿಲ್ಮಿನೊಳಗಲ್ಲ, ಜೇಬಿನೊಳಗೆ.

ನಮ್ಮ ಕಡೆಯ ಮದುವೆ ಫೋಟೊಗ್ರಾಫರುಗಳನ್ನು ಕೇಳಿ ನೋಡಿ, ಅರವತ್ತು ದಾಟಿದವರನ್ನು. ಧಾರೆ, ಸಪ್ತಪದಿ, ಹೆಣ್ಣೊಪ್ಪಿಸುವುದು ಎಲ್ಲಕ್ಕೂ ರೀಲು ಉಳಿಸಿಕೊಳ್ಳಬೇಕು. ಆದರೆ ವೇದಿಕೆ ಏರುವ ಪ್ರತಿ ನೆಂಟರಿಗೂ ‘ನಮ್ದೊಂದು ಹೊಡೀರಿ ಸಾರ್’. ಇಲ್ಲ ಎಂದರೆ ಹುಡುಗನ ಸೋದರಮಾವ ಮುನಿಸಿಕೊಳ್ಳುತ್ತಾರೆ, ಆಮೇಲೆ ಬಾಕಿ ಹಣ ವಸೂಲಾಗುವುದೂ ಕಷ್ಟ. ಅದಕ್ಕೊಂದು ಉಪಾಯ ವೃತ್ತಿಯವರಲ್ಲಿ ಎಲ್ಲರಿಗೂ ಗೊತ್ತಿತ್ತು: ಕ್ಯಾಮೆರಾ ಕಣ್ಣಿಗಿಟ್ಟುಕೊಳ್ಳುವುದು, ‘ಸ್ಮೈಲ್ ಪ್ಲೀಸ್’ ಎನ್ನುವುದು, ಫ್ಲಾಷಿನ ಟೆಸ್ಟ್ ಗುಂಡಿ ಮಾತ್ರ ಒತ್ತುವುದು. ಬೆಳಕು ಝಗ್ಗೆಂದಿತು, ನೆಂಟರು ತೃಪ್ತರಾಗಿ ಊಟದ ಹಾಲಿಗೆ ಇಳಿದರು, ಫ್ರೇಮು ಉಳಿಯಿತು. ಆಲ್ಬಮ್ ಬಂದಾಗ ‘ಆ ರೀಲು ಸ್ವಲ್ಪ ಲೈಟ್ ಹೊಡೆದುಬಿಡ್ತು’ ಎಂದರಾಯಿತು. ರೀಲು ಹಾಕುವಾಗ ಮೊದಲಿನ ತುಂಡು ವ್ಯರ್ಥವಾಗದಂತೆ ಕತ್ತಲಲ್ಲಿ ಹಾಕಿ 36ರಲ್ಲಿ 38 ಹಿಂಡುವ ಕಸುಬುದಾರರೂ ಇದ್ದರು. ಇದರಲ್ಲಿ ಧ್ಯಾನ, ತಪಸ್ಸು ಹುಡುಕುವುದು ಅವರ ಬಡತನಕ್ಕೆ ಜರತಾರಿ ಅಂಚು ಹಾಕಿದ ಹಾಗೆ.

ಆದ್ದರಿಂದ ಅವರು ಡಿಜಿಟಲ್ಲಿಗೆ ಹಾರಿದಾಗ ಏನನ್ನೋ ಮಾರಿಕೊಂಡರು ಎಂದು ಮೂಗು ಮುರಿಯಬೇಡಿ. ಅವರಿಗೆ ಸಿಕ್ಕಿದ್ದು ನೆಮ್ಮದಿ. ಧಾರೆಯ ಕ್ಷಣ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ರೀಲು ತೊಳೆದು ಬರುವವರೆಗೆ ನಿದ್ದೆಗೆಡುವುದು ತಪ್ಪಿತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಕಣ್ಮುಚ್ಚಿದ ವಧು ಕಂಡರೆ ಮತ್ತೊಂದು ತೆಗೆಯಬಹುದು, ಪುರೋಹಿತರು ಒಪ್ಪಿದರೆ.

ಕಾಡಿನ ಫೋಟೊಗ್ರಫಿಯಲ್ಲಂತೂ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು, ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಕೆಲಸ ಮಾಡಿದ್ದು ಫಿಲ್ಮಿನ ಮಿತಿಯೊಳಗೆ. ಒಳ್ಳೆಯ ಬಣ್ಣ ಬೇಕೆಂದರೆ ಮಂದ ವೇಗದ ಸ್ಲೈಡ್ ಫಿಲ್ಮ್. ಹೆಸರಾಂತ ಕೊಡಾಕ್ರೋಮಿನ ಐಎಸ್‌ಒ 64. ಮಲೆನಾಡಿನ ಕಾಡಿನೊಳಗೆ ಮಳೆಗಾಲದ ಮಧ್ಯಾಹ್ನದ ಬೆಳಕಿನಲ್ಲಿ 64ಕ್ಕೆ ಏನು ದಕ್ಕುತ್ತದೆ? ರೆಕ್ಕೆ ಬಡಿದರೆ ಮಸುಕು. ಇವತ್ತಿನ ಕ್ಯಾಮೆರಾ ಐಎಸ್‌ಒ 6,400ಕ್ಕೆ ಏರಿಸಿದರೂ ಹಕ್ಕಿಯ ಗರಿ ಎಣಿಸಬಹುದು. 2020ರಲ್ಲಿ ಕಬಿನಿಯ ಕರಿಚಿರತೆಯ ಚಿತ್ರಗಳು ದೇಶವೆಲ್ಲ ಓಡಾಡಿದವಲ್ಲ, ಕಪ್ಪು ಪ್ರಾಣಿ, ಮರದ ನೆರಳು, ಅರೆಬೆಳಕು! ಸ್ಲೈಡ್ ಫಿಲ್ಮಿನಲ್ಲಾಗಿದ್ದರೆ ಅಂಥ ದೃಶ್ಯದಲ್ಲಿ ಹೆಚ್ಚಾಗಿ ಉಳಿಯುತ್ತಿದ್ದದ್ದು ಒಂದು ಕಪ್ಪು ತೇಪೆ ಮತ್ತು ಎರಡು ಕಣ್ಣು. ಹಳಬರು ಅಷ್ಟರಲ್ಲೇ ಅಷ್ಟು ಮಾಡಿದರಲ್ಲ ಎಂಬುದು ಅವರ ಹಿರಿಮೆ. ಅದನ್ನು ಫಿಲ್ಮಿನ ಹಿರಿಮೆ ಎಂದು ಖಾತೆ ಬದಲಿಸುವುದು ಸರಿಯಲ್ಲ.

ಡಿಜಿಟಲ್ ಹುಟ್ಟಿದ್ದೇ ಫಿಲ್ಮ್ ಕಂಪನಿಯ ಮನೆಯಲ್ಲಿ ಎಂಬುದು ನಿಮಗೆ ಗೊತ್ತಿರುತ್ತದೆ. ಕೊಡಾಕಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಡಬ್ಬಿ ಮೂರೂವರೆ ಕಿಲೊಗಿಂತ ಭಾರವಿತ್ತು. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಇವತ್ತಿಗೂ ಬಹುಪಾಲು ಕ್ಯಾಮೆರಾ, ಫೋನುಗಳ ಸೆನ್ಸರಿನ ಮೇಲಿರುವ ಕೆಂಪು ಹಸಿರು ನೀಲಿ ಚೌಕಗಳ ಜಾಲ ಅದೇ ಕಂಪನಿಯ ಬ್ರೈಸ್ ಬೇಯರ್ ಅವರದು; ಪೇಟೆಂಟ್ 1976ರದು. ಫಿಲ್ಮ್ ಮಾರಿಯೇ ಬದುಕಿದ್ದ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ಫಿಲ್ಮಿನಲ್ಲಿ ನಿಜವಾಗಿ ಬೇರೆಯಾದದ್ದು ಏನು? ಒಂದು, ಬೆಳಕನ್ನು ಅದು ತಾಳಿಕೊಳ್ಳುವ ರೀತಿ. ಬೇಲೂರಿನ ದೇವಸ್ಥಾನದ ನವರಂಗದೊಳಗೆ ನಿಂತು ಬಾಗಿಲ ಕಡೆ ಕ್ಯಾಮೆರಾ ತಿರುಗಿಸಿ. ಒಳಗೆ ಕಂಬಗಳ ಕತ್ತಲು, ಹೊರಗೆ ಸುಡು ಬಿಸಿಲು. ಡಿಜಿಟಲ್ಲಿನಲ್ಲಿ ಬಿಸಿಲಿನ ಭಾಗ ಒಂದು ಹದ ಮೀರಿದರೆ ಅಲ್ಲಿ ಏನೂ ಇರುವುದಿಲ್ಲ, ಬರೀ ಬಿಳಿ. ಯಾವ ಸಾಫ್ಟ್‌ವೇರಿಗೂ ಅದನ್ನು ಮರಳಿ ತರಲಾಗದು. ಕತ್ತಲ ಭಾಗವನ್ನು ಮಾತ್ರ ಆಮೇಲೆ ಎಷ್ಟೋ ಮೇಲೆತ್ತಬಹುದು. ಕಲರ್ ನೆಗೆಟಿವ್ ಇದರ ತದ್ವಿರುದ್ಧ: ಬೆಳಕು ಎರಡು ಮೂರು ಸ್ಟಾಪ್ ಹೆಚ್ಚಾದರೂ ಬಿಸಿಲಿನಲ್ಲಿ ನಿಂತವರ ಮುಖ ಉಳಿಯುತ್ತದೆ, ಬೆಳಕು ಸಾಲದ ಕಂಬದ ಕೆತ್ತನೆ ಸತ್ತೇ ಹೋಗುತ್ತದೆ. ಆದ್ದರಿಂದ ಡಿಜಿಟಲ್ಲಿನವರು ಬಿಸಿಲು ನೋಡಿ ಬೆಳಕು ಅಳೆಯಬೇಕು, ನೀವು ನೆರಳು ನೋಡಿ ಅಳೆಯಬೇಕು. ಸ್ಕ್ಯಾನ್ ಕೆಸರುಕೆಸರಾಗಿ ಬಂದಾಗ ಲ್ಯಾಬಿನವರನ್ನು ಬೈಯುವ ಮುನ್ನ ಇದೊಂದನ್ನು ನೆನಪಿಡಿ.

ಇನ್ನೊಂದು, ಅದು ವಸ್ತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಹರಳುಗಳು. ಜೆಲಟಿನ್ ಎಂದರೆ ದನದ ಮೂಳೆ, ಚರ್ಮ ಬೇಯಿಸಿ ತೆಗೆದದ್ದು. ಮಡಿಯ ಮನೆಗಳ ದೇವರಕೋಣೆಯಲ್ಲಿ ತೂಗುತ್ತಿರುವ ಗುರುಗಳ ಕಪ್ಪುಬಿಳುಪು ಫೋಟೊದಲ್ಲೂ ಇರುವುದು ಅದೇ. 1920ರ ದಶಕದಲ್ಲಿ ಕೊಡಾಕಿನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಒಂದು ಒಗಟು ಬಿಡಿಸಿದರು. ಕೆಲವು ಜೆಲಟಿನ್ನಿನಿಂದ ಮಾಡಿದ ಫಿಲ್ಮ್ ಚುರುಕು, ಕೆಲವು ಮಂಕು, ಯಾಕೆ? ದನಗಳು ಮೇವಿನಲ್ಲಿ ತಿಂದ ಸಾಸಿವೆ ಜಾತಿಯ ಗಿಡಗಳ ಗಂಧಕ ಜೆಲಟಿನ್ನಿಗೆ ಇಳಿದು ಹರಳುಗಳನ್ನು ಚುರುಕುಗೊಳಿಸುತ್ತಿತ್ತು. ಸಿನಿಮಾ ಪ್ರಪಂಚ ಸಾಸಿವೆಯ ಋಣದಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈ ವಸ್ತುವಿನ ಜೊತೆ ಕೈ ಒದ್ದೆ ಮಾಡಿಕೊಳ್ಳದವರಿಗೆ ಫಿಲ್ಮಿನ ಅರ್ಧ ರುಚಿ ತಪ್ಪಿದಂತೆಯೇ. ಕಪ್ಪುಬಿಳುಪಿನ ರೀಲು ತೊಳೆಯಲು ಡಾರ್ಕ್‌ರೂಮೂ ಬೇಡ. ಬೆಳಕು ನುಸುಳದ ಬ್ಯಾಗಿನೊಳಗೆ ಎರಡೂ ಕೈ ತೂರಿಸಿ, ಬೆರಳ ತುದಿಯ ಅಂದಾಜಿನಲ್ಲೇ ಫಿಲ್ಮನ್ನು ಸುರುಳಿಗೆ ಸುತ್ತಿ ಟ್ಯಾಂಕಿನಲ್ಲಿ ಮುಚ್ಚಬೇಕು. ಬೇಸಿಗೆಯಲ್ಲಿ ಬ್ಯಾಗಿನೊಳಗೆ ಕೈ ಬೆವರುತ್ತದೆ, ಬೆವರಿದರೆ ಫಿಲ್ಮ್ ಸುರುಳಿಗೆ ಅಂಟಿಕೊಂಡು ಮುಂದೆ ಸರಿಯುವುದಿಲ್ಲ, ಹೊರಗೆ ತೆಗೆದು ನೋಡುವಂತೆಯೂ ಇಲ್ಲ. ಆಮೇಲೆ ಡೆವಲಪರ್, ಸಾಮಾನ್ಯವಾಗಿ 20 ಡಿಗ್ರಿಯಲ್ಲಿ. ಮಂಗಳೂರು, ಕಾರವಾರದ ಏಪ್ರಿಲ್ಲಿನಲ್ಲಿ ನಲ್ಲಿಯ ನೀರೇ ಅದಕ್ಕಿಂತ ಹತ್ತು ಡಿಗ್ರಿ ಬೆಚ್ಚಗಿರುವುದರಿಂದ ಬೇಸಿನ್ನಿನಲ್ಲಿ ಐಸ್ ಗಡ್ಡೆ ಹಾಕಿ ಬಾಟಲಿ ಇಡಬೇಕು. ಇಲ್ಲವಾದರೆ ಚಿತ್ರ ಬೇಗ ಬೆಂದು ಕಪ್ಪಾಗುತ್ತದೆ, ಪದರ ಉಬ್ಬುತ್ತದೆ. ಅದಾದ ಮೇಲೆ ಹೈಪೊ; ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನೆಲ್ಲ ಕರಗಿಸಿ ಹೊರಹಾಕುವ ದ್ರಾವಣ. ಇಂಗ್ಲೆಂಡಿನ ಜಾನ್ ಹರ್ಷೆಲ್ ಅದರ ಈ ಗುಣವನ್ನು 1819ರಲ್ಲೇ ಗುರುತಿಸಿದ್ದರು, ಅಂದರೆ ಫೋಟೊಗ್ರಫಿಗಿಂತ ಮೊದಲೇ ಅದರ ಔಷಧಿ ಸಿದ್ಧವಾಗಿತ್ತು. ಟ್ಯಾಂಕ್ ತೆರೆದು ಒದ್ದೆ ಪಟ್ಟಿಯನ್ನು ಬಲ್ಬಿಗೆ ಹಿಡಿದಾಗ ಕಾಣುವುದಿದೆಯಲ್ಲ, ಅದು ಯಾವ ಲ್ಯಾಬಿನವನ ಅಭಿರುಚಿಯೂ ಸೇರದ ಚಿತ್ರ. ನೀವು ಬಿಟ್ಟುಬರುತ್ತಿರುವುದು ಅದನ್ನೇ.

ಖರ್ಚಿನ ಮಾತೂ ಇದೆ. ಒಂದು ಕಲರ್ ರೀಲಿಗೆ ಸಾವಿರ ರೂಪಾಯಿಯ ಆಚೀಚೆ, ತೊಳೆದು ಸ್ಕ್ಯಾನ್ ಮಾಡಿಸಲು ಮತ್ತೆ ಕೆಲವು ನೂರು. ಎಲ್ಲವೂ ಆಮದು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮ್, ಕಾಗದ, ಎಕ್ಸ್‌ರೇ ಫಿಲ್ಮ್ ತಯಾರಿಸುತ್ತಿತ್ತು. ನಷ್ಟದಲ್ಲಿ ಮುಳುಗಿ ಬಾಗಿಲು ಹಾಕಿತು. ಇಷ್ಟು ದುಡ್ಡು ಸುರಿದು ತೆಗೆದ ರೀಲಿನ ಅಸಲನ್ನು ಬಿಟ್ಟು ನಕಲನ್ನು ಮಾತ್ರ ಮನೆಗೆ ತರುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಅಸಲು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಗೇ ಹೋಗೋಣ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಅವಶೇಷಗಳನ್ನು ದೊಡ್ಡ ಕ್ಯಾಮೆರಾದಲ್ಲಿ, ಮೇಣ ಹಚ್ಚಿದ ಕಾಗದದ ನೆಗೆಟಿವಿನ ಮೇಲೆ ಸೆರೆಹಿಡಿದರು. ಫಿಲ್ಮ್ ಎಂಬುದು ಇನ್ನೂ ಹುಟ್ಟದ ಕಾಲ. ಆ ಕಾಗದಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿದು, ಕೊನೆಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನಡುವಿನ 127 ವರ್ಷಗಳಲ್ಲಿ ಯಾವ ಗೋಪುರ ಕುಸಿಯಿತು, ಯಾವುದನ್ನು ರಿಪೇರಿ ಮಾಡಿದರು ಎಂದು ಕಲ್ಲು ಕಲ್ಲಾಗಿ ಹೇಳಬಹುದು. ಗ್ರೀನ್‌ಲಾ ಕಾಗದಗಳಿಗೆ ಪಾಸ್‌ವರ್ಡ್ ಇರಲಿಲ್ಲ, ಚಾರ್ಜರ್ ಬೇಕಿರಲಿಲ್ಲ.

ಟಿ.ಎಸ್. ಸತ್ಯನ್ ಅವರನ್ನು ನೋಡಿ. ಮೈಸೂರಿನವರು, ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಕೆಲಸ ಆರಂಭಿಸಿ ‘ಲೈಫ್’ ಪತ್ರಿಕೆಗೂ ಚಿತ್ರ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರು ತೀರಿಕೊಂಡು 14 ವರ್ಷಗಳ ಬಳಿಕ, 2023ರಲ್ಲಿ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಮನೆಯವರು ಅವರ ಸಂಗ್ರಹವನ್ನು ಜೋಪಾನ ಮಾಡಿದ್ದರಿಂದ ಅದು ಸಾಧ್ಯವಾಯಿತು. ಹಾಗೆಯೇ ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದ ವಿವಿಯನ್ ಮೇಯರ್. ಆಕೆ ತೆಗೆದ ಒಂದು ಲಕ್ಷಕ್ಕೂ ಮಿಕ್ಕಿದ ಚಿತ್ರಗಳನ್ನು ಯಾರೂ ನೋಡಿರಲಿಲ್ಲ. 2007ರಲ್ಲಿ ಬಾಡಿಗೆ ಕಟ್ಟದ ಗೋದಾಮಿನ ಸಾಮಾನು ಹರಾಜಿಗೆ ಬಂದಾಗ ನೆಗೆಟಿವ್ ತುಂಬಿದ ಪೆಟ್ಟಿಗೆಗಳು ಸಿಕ್ಕಿದವು, ಕೊಂಡವರು ಬೆಳಕಿಗೆ ಹಿಡಿದು ನೋಡಿದರು, ಅಷ್ಟೇ. ಇವತ್ತು ಯಾರಾದರೂ ಆಕೆಯಂತೆಯೇ ಗುಟ್ಟಾಗಿ ಚಿತ್ರ ತೆಗೆದು ಸತ್ತರೆ ಸಿಗುವುದು ಬೆರಳಚ್ಚಿಲ್ಲದೆ ತೆರೆಯದ ಒಂದು ಫೋನು, ಕಂತು ಕಟ್ಟದೆ ನಿಂತುಹೋದ ಒಂದು ಕ್ಲೌಡ್ ಖಾತೆ. ಗುಜರಿಯವನೂ ಅದನ್ನು ಕೊಳ್ಳುವುದಿಲ್ಲ.

ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ, ಅವರಿಗಾಗಿ ಒಂದು ಸಂಗತಿ. 2020ರಲ್ಲಿ ಗಿಟ್‌ಹಬ್ ಕಂಪನಿ ಜಗತ್ತಿನ ಓಪನ್ ಸೋರ್ಸ್ ಕೋಡಿನ 21 ಟೆರಾಬೈಟ್‌ಗಳನ್ನು ಮುಂದಿನ ಪೀಳಿಗೆಗಳಿಗೆಂದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಹಳೇ ಕಲ್ಲಿದ್ದಲು ಗಣಿಯೊಳಗೆ ಭದ್ರಪಡಿಸಿತು. ಇಟ್ಟದ್ದು ಯಾವುದರ ಮೇಲೆ ಗೊತ್ತೆ? ಹಾರ್ಡ್ ಡಿಸ್ಕಿನ ಮೇಲಲ್ಲ, 186 ರೀಲು ಫಿಲ್ಮಿನ ಮೇಲೆ. ಬೆಳ್ಳಿಯ ಹರಳಿನ ಅದೇ ಫಿಲ್ಮ್. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ಬರೆದ ಕೋಡ್ ಆರ್ಕ್ಟಿಕ್ ಹಿಮದಡಿ ಫಿಲ್ಮಿನಲ್ಲಿ ಕ್ಷೇಮವಾಗಿದೆ. ಅವರೇ ತೆಗೆದ ಕೊಡಚಾದ್ರಿ ಚಾರಣದ ನೆಗೆಟಿವ್ ಮಾತ್ರ ರದ್ದಿಯಲ್ಲಿ.

ಹಾಗೆಂದು ಫಿಲ್ಮ್ ಚಿರಂಜೀವಿಯಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇವತ್ತು ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಯ ಮಗು. ಅದರ ನಂತರದ ಅಸಿಟೇಟ್ ಫಿಲ್ಮ್ ಸೆಕೆ, ತೇವಕ್ಕೆ ಕೊಳೆತು ವಿನಿಗರ್ ವಾಸನೆ ಹೊಡೆಯುತ್ತದೆ. ಮಲೆನಾಡಿನ ಒಂದು ಮಳೆಗಾಲ ಸಾಕು, ಜೆಲಟಿನ್ನಿನ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬಲು. ಕೊಡಾಕ್ರೋಮಿನ ಕತೆ ಇನ್ನೊಂದು ಬಗೆ. 1935ರಲ್ಲಿ ಬಂದ ಆ ಫಿಲ್ಮನ್ನು ಕೊಡಾಕ್ ಕಂಪನಿ 2009ರಲ್ಲಿ ನಿಲ್ಲಿಸಿತು. ಕೊನೆಯ ರೀಲನ್ನು ಫೋಟೊಗ್ರಾಫರ್ ಸ್ಟೀವ್ ಮೆಕರಿ ಅವರ ಕೈಗೆ ಕೊಟ್ಟಿತು. ಅದರ ಒಂದಷ್ಟು ಫ್ರೇಮುಗಳನ್ನು ಅವರು ತೆಗೆದದ್ದು ಭಾರತದಲ್ಲೇ. ಅದನ್ನು ತೊಳೆಯುವ ವಿಧಾನ ಗೊತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಸ್ ರಾಜ್ಯದ ಪುಟ್ಟ ಊರಿನದು. 2010ರ ಡಿಸೆಂಬರ್ 30ರ ನಂತರ ಅದೂ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ತೊಳೆಯದೆ ಉಳಿದ ಕೊಡಾಕ್ರೋಮ್ ಸಿಕ್ಕರೆ ಇನ್ನು ಅದರ ಬಣ್ಣ ಬರುವುದಿಲ್ಲ. ಆದರೆ ತೊಳೆದಿಟ್ಟದ್ದು ಬಣ್ಣ ಮಾಸದೆ ಉಳಿಯುವುದರಲ್ಲಿ ಎತ್ತಿದ ಕೈ.

ಫಿಲ್ಮ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಿ. ಊರಿನ ಸ್ಟುಡಿಯೊಗಳಲ್ಲಿ ಕಿಟಕಿಗೆ ಓರೆಯಾಗಿಟ್ಟ ಮೇಜಿನ ಮೇಲೆ ನೆಗೆಟಿವ್ ಹರಡಿ, ಸೂಜಿಮೊನೆಯಂತೆ ಹೆರೆದ ಪೆನ್ಸಿಲ್ಲಿನಿಂದ ಚುಕ್ಕೆ ಇಡುವ ರೀಟಚ್ ಕೆಲಸಗಾರರಿದ್ದರು. ಮುಖದ ಸಿಡುಬಿನ ಕಲೆ ನೆಗೆಟಿವಿನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗಿ ಕಲೆ ಮಾಯ. ಹೆಣ್ಣು ತೋರಿಸಲು ಕಳಿಸಿದ ಎಷ್ಟೋ ಫೋಟೊಗಳು ಈ ಪೆನ್ಸಿಲ್ಲಿನ ಕೃಪೆ. ಬ್ಯೂಟಿ ಫಿಲ್ಟರ್ ಫೋನಿನೊಂದಿಗೆ ಹುಟ್ಟಿದ್ದಲ್ಲ. ಆದರೂ ಒಂದು ವ್ಯತ್ಯಾಸವಿದೆ: ಭೂತಗನ್ನಡಿ ಹಿಡಿದರೆ ನೆಗೆಟಿವಿನ ಮೇಲೆ ಆ ಪೆನ್ಸಿಲ್ ಗೀಟು ಈಗಲೂ ಕಾಣುತ್ತದೆ. 2023ರಲ್ಲಿ ಸೋನಿ ವಿಶ್ವ ಫೋಟೊಗ್ರಫಿ ಪ್ರಶಸ್ತಿ ಬಂದ ಚಿತ್ರ ಕೃತಕ ಬುದ್ಧಿಮತ್ತೆಯದು ಎಂದು ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ತಾವೇ ಹೇಳಿ ಪ್ರಶಸ್ತಿ ಬೇಡವೆಂದರು. ಕ್ಯಾಮೆರಾದ ಮುಂದೆ ಆ ದಿನ ಏನಿತ್ತು ಎಂದು ತೋರಿಸುವ ಅಸಲು ಒಂದಿರುವುದು ಇನ್ನು ಮುಂದೆ ಸಣ್ಣ ವಿಷಯವಾಗಿ ಉಳಿಯಲಾರದು.

ಆದ್ದರಿಂದ ಈ ವಾರ ಲ್ಯಾಬಿಗೊಂದು ಫೋನು ಮಾಡಿ. ನೆಗೆಟಿವ್ ಇನ್ನೂ ಇದ್ದರೆ ತನ್ನಿ. ಅಂಚು ಮಾತ್ರ ಹಿಡಿಯಿರಿ, ಆರಾರು ಫ್ರೇಮಿನ ಪಟ್ಟಿಗಳನ್ನು ಫೈಲಿಗೆ ಹಾಕುವ ತೆಳು ಕವರಿನಲ್ಲಿಡಿ, ಮೇಲೆ ಊರು, ತಿಂಗಳು, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪುಡಿಕೆ ಇರಲಿ. ಊರಿಗೆ ವಿಮಾನದಲ್ಲಿ ಹೋಗುವವರು ತೊಳೆಸದ ರೀಲನ್ನು ನಿಲ್ದಾಣದ ಸಿ.ಟಿ. ಸ್ಕ್ಯಾನರಿಗೆ ಕೊಡದೆ ಕೈಯಲ್ಲಿ ಪರೀಕ್ಷಿಸಲು ಕೇಳಿ. ಆ ಯಂತ್ರ ಫಿಲ್ಮನ್ನು ಮಂಕಾಗಿಸುತ್ತದೆ.

ಇಷ್ಟಾದ ಮೇಲೆ ನಿಮ್ಮ ಡಿಜಿಟಲ್ ಕ್ಯಾಮೆರಾ ಮಾರಬೇಡಿ, ಅದಕ್ಕೆ ದೊಡ್ಡ ಕೆಲಸ ಕಾದಿದೆ. ನಿಮ್ಮ ನಿಮ್ಮ ಊರಿನ ಹಳೇ ಸ್ಟುಡಿಯೊಗಳು ಈಗ ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜಿನ ಅಂಗಡಿಗಳಾಗಿವೆ. ಒಳಗಿನ ಬೀರುವಿನಲ್ಲೋ ಅಟ್ಟದಲ್ಲೋ ನಲವತ್ತು ಐವತ್ತು ವರ್ಷದ ನೆಗೆಟಿವ್ ಕಂತೆಗಳಿರುತ್ತವೆ: ಶಾಲೆಯ ಗ್ರೂಪ್ ಫೋಟೊ, ತೇರು, ನಾಟಕ ಕಂಪನಿ, ಚುನಾವಣಾ ಮೆರವಣಿಗೆ, ಊರವರೆಲ್ಲರ ಮದುವೆ. ಮಗ ಅಂಗಡಿ ಖಾಲಿ ಮಾಡುವ ದಿನ ಅವು ಬೆಳ್ಳಿ ತೆಗೆಯುವವರಿಗೆ ಕಿಲೊ ಲೆಕ್ಕದಲ್ಲಿ ಹೋಗುತ್ತವೆ. ಅದಕ್ಕೆ ಮೊದಲು ನೀವು ಹೋಗಿ. ಮಾಲೀಕರ ಒಪ್ಪಿಗೆ ಪಡೆಯಿರಿ. ಜನರ ಮುಖಗಳಿರುವ ಚಿತ್ರಗಳನ್ನು ಕೇಳದೆ ಎಲ್ಲೂ ಹಾಕುವುದಿಲ್ಲ ಎಂದು ಮಾತು ಕೊಡಿ. ಹಿಂದಿನಿಂದ ಬೆಳಗುವ ಒಂದು ಎಲ್ಇಡಿ ಹಲಗೆ, ಮ್ಯಾಕ್ರೊ ಲೆನ್ಸ್, ಸ್ಟ್ಯಾಂಡ್ ಇದ್ದರೆ 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಒಂದು ರಜೆಯ ದಿನದಲ್ಲಿ ನೂರಾರು ನೆಗೆಟಿವ್‌ಗಳ ನಕಲು ತೆಗೆಯುತ್ತದೆ, ಅದೂ ಲ್ಯಾಬಿನ ಸಾಮಾನ್ಯ ಸ್ಕ್ಯಾನಿಗಿಂತ ಚೆನ್ನಾಗಿ. ಬಿಲ್ ನಂಬರ್, ಹೆಸರು, ತಾರೀಕು ಬರೆದಿಟ್ಟ ಹಳೇ ರಿಜಿಸ್ಟರ್ ಏನಾದರೂ ಸಿಕ್ಕರೆ ನೆಗೆಟಿವ್ ಮುಟ್ಟುವ ಮೊದಲು ಅದರ ಪುಟಗಳನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಯಾರ ಮದುವೆ ಎಂದು ತಿಳಿಯದ ಮದುವೆಯ ನೆಗೆಟಿವನ್ನು ಯಾರ ಮನೆಗೆ ಒಯ್ದು ತೋರಿಸುತ್ತೀರಿ?

ಇಂತಿ,
ನಿಮ್ಮ ಹಿತೈಷಿ